ನಿಮ್ಮ ಕುರ್ಚಿ ನಮ್ಮ ಮನೆಯಲ್ಲಿದೆ

ವಿದೇಶಿ ನೆರವು ಮತ್ತು ಅಭಿವೃದ್ಧಿ ಸಹಕಾರ ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಸಭಾಂಗಣದ ಕುರ್ಚಿಯೊಂದು ಕಾಣೆಯಾಗಿದೆ, ಅದನ್ನು ನಾನು ಒಯ್ದಿರುವ ಅನುಮಾನವಿದೆ, ಕೂಡಲೇ ಹಿಂದಿರುಗಿಸಬೇಕು ಎಂದು ನೋಟಿಸು ಕಳಿಸಿದ್ದೀರಿ. ಅನುಮಾನ ಬೇಡ. ನಾನೇ ಒಯ್ದೆ. ಹಾಡಹಗಲಲ್ಲಿ, ನಿಮ್ಮ ಕಾವಲುಗಾರನ ಎದುರಿಗೇ ಒಯ್ದೆ. ಪಾಪ, ಅವನು ಗೇಟು ತೆರೆದು ಹಿಡಿದುಕೊಂಡ. ಆದರೆ ಏಕೆ ಒಯ್ದೆ ಎಂದು ನೋಟಿಸಿನಲ್ಲಿ ಎಲ್ಲೂ ಕೇಳಿಲ್ಲ. ಕೇಳುವ ಅಭ್ಯಾಸವೇ ನಿಮ್ಮ ಕಚೇರಿಗಿಲ್ಲ ಎಂಬುದು ನನ್ನ ದೂರು. ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ, ಅದೂ ಪತ್ರಿಕೆಯಲ್ಲಿ, ನಾಲ್ಕು ಜನ ಓದಲಿ ಎಂದು.

ನಾನು ಹೈಸ್ಕೂಲಿನವರೆಗೆ ಓದಿದವಳು. ಮಕ್ಕಳನ್ನು ಸಾಕಿ, ಸೊಸೆಯರನ್ನು ಹದ್ದುಬಸ್ತಿನಲ್ಲಿಟ್ಟು, ಈಗ ನಮ್ಮ ಬಡಾವಣೆಯ ಸಂಘವೊಂದಕ್ಕೆ ಅಧ್ಯಕ್ಷೆಯಾಗಿದ್ದೇನೆ. ನಡೆಯಲಾಗದವರ ಮನೆಯವರೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಯಾರ ಮನೆಯಲ್ಲಿ ಯಾರನ್ನು ಎತ್ತಿ ಕೂರಿಸಬೇಕು, ಯಾರ ಬೆನ್ನಿಗೆ ಹುಣ್ಣಾಗಿದೆ ಎಂಬುದೆಲ್ಲ ನಮಗೆ ಗೊತ್ತು. ನಿಮ್ಮ ಕಾಗದಗಳಲ್ಲಿ ನಮಗೆ ‘ನಾಗರಿಕ ಸಮಾಜ’ ಎಂಬ ಹೆಸರಿದೆ. ಮೊದಲ ಸಲ ಓದಿದಾಗ ಹಿಗ್ಗಿಹೋದೆ. ಅಲ್ಲಿಯವರೆಗೆ ಕಚೇರಿಗಳಲ್ಲಿ ನಮ್ಮ ಹೆಸರು ‘ಏನಮ್ಮಾ, ಆ ಕಡೆ ನಿಂತ್ಕೊ’ ಎಂದಷ್ಟೇ ಇತ್ತು.

ನನ್ನ ತಂಗಿ ನನ್ನ ಜೊತೆಗೇ ಇದ್ದಾಳೆ. ಬಟ್ಟೆ ಹೊಲಿಯುವ ಕಾರ್ಖಾನೆಯ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳ ಕಾಲಿಗೆ ಕೆಲಸವಿಲ್ಲ. ಕಾಲಿನ ಪಾಲಿನ ಕೆಲಸವನ್ನೂ ಬಾಯಿಯೇ ಮಾಡುತ್ತದೆ. ಹೋದ ವರ್ಷ ದೂರದ ದೇಶವೊಂದರ ನೆರವಿನಲ್ಲಿ ನೀವು ನಮ್ಮ ಬಡಾವಣೆಗೆ ಗಾಲಿಕುರ್ಚಿಗಳನ್ನು ಕೊಟ್ಟಿರಿ. ಒಳ್ಳೆಯ ಕುರ್ಚಿಗಳು, ಅದರಲ್ಲಿ ಎರಡು ಮಾತಿಲ್ಲ. ಮೆತ್ತನೆಯ ಸೀಟು, ಮಿರಮಿರ ಮಿಂಚುವ ಚಕ್ರ. ತೊಂದರೆ ಒಂದೇ: ನಮ್ಮ ಮನೆಗಳ ಬಾಗಿಲಿಗಿಂತ ಅವು ನಾಲ್ಕು ಬೆರಳು ಅಗಲ, ಮಡಚಲೂ ಬರುವುದಿಲ್ಲ.

ವಿತರಣೆಯ ದಿನ ನಿಮ್ಮ ಸಹಾಯಕರು ಗಾಲಿಕುರ್ಚಿಯನ್ನು ಬೀದಿಯಲ್ಲೇ ನಿಲ್ಲಿಸಿದರು. ನನ್ನ ಮಗನೂ ಅಳಿಯನೂ ತಂಗಿಯನ್ನು ಹೊತ್ತು ತಂದು ಅದರಲ್ಲಿ ಕೂರಿಸಿದರು. ಫೋಟೋ ತೆಗೆದದ್ದಾಯಿತು, ಚಪ್ಪಾಳೆಯಾಯಿತು. ಆಮೇಲೆ ಅವಳನ್ನು ಮತ್ತೆ ಹೊತ್ತು ಒಳಗೆ ಮಲಗಿಸಿದರು.

“ಅಕ್ಕ, ನಾನೇನು ಹಾಸಿಗೆನಾ, ಬಿಸಿಲಿಗೆ ಹಾಕಿ ಒಳಗೆ ತಗೊಳ್ಳೋಕೆ?” ಎಂದಳು ತಂಗಿ.

ನಿಮ್ಮ ಸಹಾಯಕರಿಗೆ ಬಾಗಿಲು ತೋರಿಸಿದೆ. ಅವರು ಅದನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಾ, ಬಾಗಿಲು ಅಗಲ ಮಾಡಿಸ್ಕೊಂಡ್ಬಿಡಿ” ಎಂದರು.

“ಬಾಡಿಗೆ ಮನೆಯಪ್ಪಾ. ಗೋಡೆಗೆ ಮೊಳೆ ಹೊಡೆದ್ರೇ ಮನೆ ಮಾಲೀಕರು ಮೂರು ದಿನ ಮಾತು ಬಿಡ್ತಾರೆ.”

“ಹಾಗಾದ್ರೆ ಬೇರೆ ಮನೆ ನೋಡಿ.”

ಒಳಗಿನಿಂದ ತಂಗಿ ಕೂಗಿದಳು: “ಅವರು ಹೇಳೋದು ಸರಿ ಅಕ್ಕ! ಕುರ್ಚಿ ಬದಲಾಯಿಸೋಕಿಂತ ಬೀದಿ ಬದಲಾಯಿಸೋದೇ ಸಲೀಸು. ಕೇಳಿ ನೋಡು, ಬೀದೀನೂ ಅವರೇ ಕೊಡ್ತಾರೇನೋ!”

ಅಂದಿನಿಂದ ಗಾಲಿಕುರ್ಚಿ ಬೀದಿಯಲ್ಲೇ ಇದೆ. ಮರದಡಿಯ ಕ್ಷೌರಿಕನಿಗೆ ಅದೊಂದು ವರವಾಯಿತು. ಗಿರಾಕಿಯನ್ನು ಬೇಕಾದ ಕಡೆ ತಿರುಗಿಸಿಕೊಂಡು ಕತ್ತರಿ ಆಡಿಸುತ್ತಾನೆ. ಅವನ ಗಿರಾಕಿಗಳನ್ನೂ ನಿಮ್ಮ ವರದಿಯ ಫಲಾನುಭವಿಗಳಿಗೆ ಸೇರಿಸಿಕೊಳ್ಳಿ, ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಮೂಲೆಮನೆಯ ಹುಡುಗಿಯದೂ ಇದೇ ಕಥೆ. ಕುರ್ಚಿ ಬರುತ್ತದೆ, ನಾನೇ ಶಾಲೆಗೆ ಹೋಗುತ್ತೇನೆ ಎಂದು ಚೀಲ ಹೊಂದಿಸಿಟ್ಟುಕೊಂಡಿದ್ದಳು. ಬೀದಿಯ ಕುರ್ಚಿಯವರೆಗೆ ದಿನಾ ಹೊತ್ತು ತರಲು ಅವಳ ಮನೆಯಲ್ಲಿ ಯಾರೂ ಇಲ್ಲ, ಚೀಲ ಗೂಟದಲ್ಲೇ ತೂಗುತ್ತಿದೆ.

ಎರಡನೇ ಕಂತಿನ ಗಾಲಿಕುರ್ಚಿಗಳನ್ನೂ ಅದೇ ಅಳತೆಯಲ್ಲಿ ಮುಂದಿನ ತಿಂಗಳು ತರಿಸುತ್ತೀರಿ ಎಂದು ಗೊತ್ತಾದಾಗಲೇ ನಿಮ್ಮಿಂದ ಆಮಂತ್ರಣ ಬಂತು: ‘ನಾಗರಿಕ ಸಮಾಜದೊಂದಿಗೆ ಸಮಾಲೋಚನೆ.’ ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಳಿಯನ ಸಾಮಾನು ಗಾಡಿಯಲ್ಲಿ ಬಂದೆ. ಸಭಾಂಗಣದಲ್ಲಿ ಇಲಾಖೆಯವರಿಗೆ ಒಂದು ಸಾಲು, ವಿದೇಶಿ ಅತಿಥಿಗಳಿಗೆ ಒಂದು ಸಾಲು, ಸರಬರಾಜು ಕಂಪನಿಯವರಿಗೆ ಒಂದು ಸಾಲು. ಕೊನೆಯಲ್ಲಿ, ಕಂಬದ ಹಿಂದೆ, ‘ನಾಗರಿಕ ಸಮಾಜ’ ಎಂದು ಚೀಟಿ ಅಂಟಿಸಿದ ಒಂದೇ ಒಂದು ಕುರ್ಚಿ. ಬಂದಿದ್ದವರು ನಾಲ್ಕು ಸಂಘದವರು. ಇಡೀ ಸಮಾಜ ಒಂದು ಕುರ್ಚಿಯಲ್ಲಿ ಹಿಡಿಸುತ್ತದೆ ಎಂದು ಲೆಕ್ಕ ಹಾಕಿದವರೇ ನಮ್ಮ ಬಾಗಿಲನ್ನೂ ಅಳೆದಿರಬೇಕು. ವಯಸ್ಸಿನಲ್ಲಿ ಹಿರಿಯಳೆಂದು ಉಳಿದವರು ನನ್ನನ್ನು ಕೂರಿಸಿದರು.

ಬೆಳಗಿನಿಂದ ಎಲ್ಲರೂ ಮಾತಾಡಿದರು. ನಮ್ಮ ಸರದಿ ಊಟದ ನಂತರ ಬಂತು. ನಮಗೆ ವಹಿಸಿದ್ದ ವಿಷಯ ವಂದನಾರ್ಪಣೆ! ನಿಮ್ಮ ಮೇಲೆ ಆಣೆ, ನಾನು ವಂದನೆಯನ್ನೇ ಅರ್ಪಿಸಿದೆ. ಬಾಗಿಲು ದಾಟದ ಕುರ್ಚಿ ಕೊಟ್ಟವರಿಗೆ ವಂದನೆ, ಅದನ್ನು ಕೊಡುವ ಮೊದಲು ನಮ್ಮನ್ನೊಂದು ಮಾತು ಕೇಳದವರಿಗೆ ವಂದನೆ, ಇನ್ನೊಂದು ಸಲ ಅದನ್ನೇ ಕೊಡಲು ಹೊರಟವರಿಗೆ ವಿಶೇಷ ವಂದನೆ. “ನಾಲ್ಕು ಬೆರಳು ಕಡಿಮೆ ಮಾಡಿ, ಅಷ್ಟು ಸಾಕು” ಎಂದು ಕೈಯೆತ್ತಿ ನಾಲ್ಕು ಬೆರಳು ತೋರಿಸಿದೆ.

ನಾನು ಇಷ್ಟೆಲ್ಲ ಹೇಳಿದ್ದನ್ನು ನಿಮ್ಮ ದುಭಾಷಿ ಅತಿಥಿಗಳಿಗೆ ಒಂದೇ ಉಸಿರಿನಲ್ಲಿ ಮುಗಿಸಿದರು. ವಿದೇಶಿ ಹೆಂಗಸೊಬ್ಬರು ಕಣ್ಣರಳಿಸಿ ಎದ್ದು ನಿಂತು, ತಾವೂ ನನಗೆ ನಾಲ್ಕು ಬೆರಳು ತೋರಿಸಿ ಕೈಯಾಡಿಸಿದರು. ಏನು ಹೇಳಿದಿರಿ ಎಂದು ಆಮೇಲೆ ದುಭಾಷಿಯನ್ನು ಹಿಡಿದು ಕೇಳಿದೆ.

“ಅಮ್ಮಾ, ಅವರಿಗೆ ವಿಮಾನದ ಹೊತ್ತಾಗಿತ್ತು. ನಿಮಗೆ ತುಂಬಾ ಸಂತೋಷ ಆಗಿದೆ ಅಂದೆ.”

ಮರುದಿನ ಪತ್ರಿಕೆಯಲ್ಲಿ ನನ್ನ ನಾಲ್ಕು ಬೆರಳಿನ ಫೋಟೋ ಬಂತು. ಕೆಳಗೆ, ‘ಹರ್ಷ ವ್ಯಕ್ತಪಡಿಸಿದ ಫಲಾನುಭವಿ.’ ಆ ಹೊತ್ತಿಗಾಗಲೇ ಕಂಬದ ಹಿಂದಿನ ಆ ಕುರ್ಚಿ ನಮ್ಮ ಮನೆಯಲ್ಲಿತ್ತು. ಸಭೆ ಮುಗಿದಾಗ ನಾನು ಎದ್ದು ಅದನ್ನು ನೋಡಿದೆ, ಅದರ ಚೀಟಿಯಲ್ಲಿದ್ದ ನಮ್ಮ ಹೆಸರನ್ನೂ ನೋಡಿದೆ. ಹೆಸರು ಬರೆದು ಕೊಟ್ಟದ್ದನ್ನು ಬಿಟ್ಟು ಹೋಗುವುದು ಮರ್ಯಾದೆಯಲ್ಲ ಎನಿಸಿತು. ಅಳಿಯನಿಗೆ, “ಗಾಡಿಗೆ ಹಾಕು” ಎಂದೆ. ಅತ್ತೆಯ ಮಾತಿಗೆ ಎದುರಾಡುವ ಅಳಿಯ ಅವನಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಬೇರೆ ದೇಶದವರ ನೆರವು ಬೇಡ ಎನ್ನುವಷ್ಟು ಕೊಬ್ಬು ನನಗಿಲ್ಲ. ಸಮುದ್ರದಾಚೆ ಕುಳಿತ ಯಾರೋ ನನ್ನ ತಂಗಿ ಎದ್ದು ಓಡಾಡಲಿ ಎಂದುಕೊಂಡರಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಎರಡು ದೇಶಗಳು ಎಷ್ಟೇ ಕೈ ಕುಲುಕಿದರೂ ಕೊನೆಗೆ ಕುರ್ಚಿ ದಾಟಬೇಕಾದದ್ದು ನಮ್ಮ ಹೊಸ್ತಿಲನ್ನು. ಆ ಹೊಸ್ತಿಲು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ದಿನಾ ಅದನ್ನು ದಾಟಿ ಒಳಗೆ ಹೋಗುವವರು ಸಂಘದವರು. ಅಳತೆ ಹಿಡಿಯುವಾಗ ನಮ್ಮನ್ನು ಕರೆಯದೆ, ಚಪ್ಪಾಳೆ ಹೊಡೆಯಲು ಮಾತ್ರ ಕರೆದರೆ ಅದಕ್ಕೆ ಸಹಕಾರ ಎನ್ನುತ್ತಾರೆಯೇ? ನಮ್ಮ ಮನೆಯಲ್ಲಿ ಸೊಸೆಯರು ಹಾಗೆ ಮಾಡಿದ್ದರೆ ಬೇರೆಯೇ ಹೆಸರು ಹೇಳುತ್ತಿದ್ದೆ.

ಇನ್ನು ನಿಮ್ಮ ಕುರ್ಚಿಯ ವಿಚಾರ. ಅದು ನಮ್ಮ ಬಾಗಿಲಲ್ಲಿ ಸಲೀಸಾಗಿ ಒಳಗೆ ಬಂತು. ಸೈಕಲ್ ರಿಪೇರಿಯವನು ಅದರ ಕಾಲುಗಳಿಗೆ ಯಾವ್ಯಾವುದೋ ಹಳೆಯ ತಳ್ಳುಗಾಡಿಗಳ ಸಣ್ಣ ಚಕ್ರ ಜೋಡಿಸಿದ. ಒಂದು ಚಕ್ರ ಚಿಕ್ಕದಾಗಿ, ಕುರ್ಚಿ ಎಡಕ್ಕೇ ಎಳೆಯುತ್ತದೆ. ಬ್ರೇಕಿಲ್ಲ, ನೀರಿನ ಡ್ರಮ್ಮೇ ಬ್ರೇಕು. ತಂಗಿ ನೆಲಕ್ಕೆ ಕೋಲು ಊರಿ, ದೋಣಿ ನಡೆಸುವವಳಂತೆ ಮನೆಯೆಲ್ಲ ಸುತ್ತುತ್ತಾಳೆ. ಮೊದಲ ದಿನ ಅಡುಗೆಮನೆಗೆ ಬಂದವಳೇ ಸುತ್ತಲೂ ಕಣ್ಣಾಡಿಸಿ, “ಡಬ್ಬಿಗಳನ್ನ ಹೀಗಾ ಇಟ್ಟಿರೋದು ಅಕ್ಕ? ನಾನು ಮಲಗಿದ್ದೇ ತಪ್ಪಾಯ್ತು” ಎಂದಳು. ನಾನು ಬೈಯಲು ಹೊರಟವಳು, ಬೈಯಲಾಗದೆ ಒಲೆಯ ಕಡೆ ತಿರುಗಿ ನಿಂತೆ. ಹಾಗಾದರೆ ಎಲ್ಲರೂ ಹೀಗೇ ಮಾಡಿಕೊಳ್ಳಲಿ ಎಂದು ಮಾತ್ರ ಸುತ್ತೋಲೆ ಹೊರಡಿಸಬೇಡಿ. ಅದು ಕುರ್ಚಿಯಲ್ಲ, ಅಪಾಯ. ಮೂಲೆಮನೆಯ ಹುಡುಗಿಯನ್ನು ಅದರಲ್ಲಿ ಕೂರಿಸಿ ಬೀದಿಗೆ ಬಿಡಲು ನನಗೆ ಧೈರ್ಯವಿಲ್ಲ.

ಆದ್ದರಿಂದ ಎರಡನೇ ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು, ಅಳತೆ ನಿರ್ಧರಿಸುವ ಸಮಿತಿಯಲ್ಲಿ ಸಂಘಗಳಿಗೆ ಸ್ಥಾನ ಕೊಡಿ, ಕಂಬದ ಮುಂದೆ. ನಾವು ಆಡಿದ ಮಾತು ಆಡಿದಷ್ಟೇ ಉದ್ದ ಅತಿಥಿಗಳ ಕಿವಿಗೆ ಬೀಳಲಿ. ಮಾದರಿಯ ಗಾಲಿಕುರ್ಚಿಯನ್ನು ನಿಮ್ಮ ಕಚೇರಿಯಲ್ಲಿ ಉರುಳಿಸಿ ನೋಡುವ ಬದಲು ನಮ್ಮ ಬೀದಿಗೆ ತನ್ನಿ. ಮತ್ತೆ, ಆ ನಾಲ್ಕು ಬೆರಳು ಕಡಿಮೆ ಮಾಡಿ.

ಅಷ್ಟಾದ ದಿನ ನಿಮ್ಮ ಕುರ್ಚಿಯನ್ನು ಒರೆಸಿ, ಚಕ್ರ ಕಳಚಿ ಕೊಡುತ್ತೇನೆ. ಅಷ್ಟರೊಳಗೆ ಬೇಕೆಂದರೆ ನೀವೇ ಬಂದು ಬಾಗಿಲು ತಟ್ಟಿ. ತೆಗೆಯಲು ನನ್ನ ತಂಗಿಯೇ ಬರುತ್ತಾಳೆ. ನಿಮ್ಮ ನೋಟಿಸಿಗೆ ಬಾಗಿಲು ತೆಗೆದು ಸಹಿ ಹಾಕಿದವಳೂ ಅವಳೇ. ಬಾಗಿಲು ಬಲಕ್ಕಿದೆ, ಕುರ್ಚಿ ಎಡಕ್ಕೆ ಎಳೆಯುತ್ತದೆ, ಒಂದು ಸುತ್ತು ಹಾಕಿ ಬರಬೇಕು. ಸ್ವಲ್ಪ ತಡವಾದೀತು, ಹೊರಗೆ ನಿಂತಿರಿ. ನಾವು ನಿಮ್ಮ ಬಾಗಿಲಲ್ಲಿ ನಿಂತಿಲ್ಲವೇ?

ಇಂತಿ,
ಕುರ್ಚಿ ಒಯ್ದೂ ಅದರಲ್ಲಿ ಕೂರಲು ಸರದಿ ಸಿಗದೆ ನೆಲದ ಮೇಲೆಯೇ ಕುಳಿತು ಇದನ್ನು ಬರೆದ,
ಸಂಘದ ಅಧ್ಯಕ್ಷೆ