ನಡುಹಾಳೆಯ ಹೊಲಿಗೆ

೧೪ ಮಾರ್ಚ್, ಭಾನುವಾರ

ನನ್ನ ಚಿನಕುರುಳಿಗೆ ಅಮ್ಮನ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ. ನೀನು ಹೇಗಿದ್ದೀಯೋ, ಹೇಳುವವರಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ಹಾಕಿದರೆ ಉತ್ತರವಿಲ್ಲ. ಅದಕ್ಕೇ ಈ ಕಾಗದ. ಮೂರು ವಾರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದು ಹರಿದೆ. ಮೂರರಲ್ಲಿ ನಿನ್ನನ್ನು ಬೈದಿದ್ದೆ, ಒಂದರಲ್ಲಿ ಬರೀ ಅತ್ತಿದ್ದೆ.

ಮೊದಲು ನನ್ನ ಹೊಟ್ಟೆಯ ಸಂಕಟ ಹೇಳಿಬಿಡುತ್ತೇನೆ. ತೊಂಬತ್ತು ದೇಶಗಳ ಹೊಸ ಬರಹಗಾರರ ಸ್ಪರ್ಧೆ, ಅದರಲ್ಲಿ ಕೊನೆಯ ಹತ್ತು ಕಥೆಗಳಲ್ಲಿ ನಿನ್ನದೂ ಒಂದು! ಯಾವ ಭಾಷೆಯಲ್ಲಾದರೂ ಬರೆಯಿರಿ, ವಯಸ್ಸು ಇಪ್ಪತ್ತೈದು ದಾಟಿರಬಾರದು ಅಷ್ಟೆ ಎಂದವರು, ಮೊದಲೇ ಎಲ್ಲೂ ಪ್ರಕಟವಾಗಿರಬಾರದು ಎಂದು ಯಾವ ಮೂಲೆಯಲ್ಲಿ ಬರೆದಿದ್ದರೋ. "ನಿಂಗೆ ಹೇಳಿದ್ದೆ ಅಮ್ಮ, ನೀನೇ ಕಿವಿಗೆ ಹಾಕ್ಕೊಳ್ಳಲಿಲ್ಲ" ಎನ್ನುತ್ತೀಯ. ಹೇಳಿರಬಹುದು. ಆಗ ನಾನು ಅಂಟು ಕಲಸುತ್ತಿದ್ದೆನೇನೋ. ಅಂಟು ಕಲಸುವಾಗ ಮನೆಗೆ ಬೆಂಕಿ ಬಿದ್ದರೂ ನನಗೆ ಕೇಳಿಸುವುದಿಲ್ಲ ಎಂದು ನಿನಗೆ ಗೊತ್ತಿಲ್ಲವೇ?

ಇಪ್ಪತ್ತಾರು ವರ್ಷ ಬೈಂಡಿಂಗ್ ಮಾಡಿದ ಕೈ ಇದು. ಬಿಡಿ ಹಾಳೆ ಕಂಡರೆ ಸುಮ್ಮನಿರುವುದಿಲ್ಲ. ನೀನು ರಜೆ ಮುಗಿಸಿ ಹೋದ ಮೇಲೆ ನಿನ್ನ ಕಥೆ ಮಂಚದ ಕೆಳಗೆ, ಒಂದು ಕ್ಲಿಪ್ಪೂ ಇಲ್ಲದೆ, ಚೆಲ್ಲಾಪಿಲ್ಲಿ ಬಿದ್ದಿತ್ತು. ಪ್ರೆಸ್ಸಿಗೆ ಒಯ್ದು, ಅಲ್ಲಿ ಮೆಷಿನ್ ಓಡಿಸುವ ನಿನ್ನ ಮೆಷಿನ್ ಮಾವನಿಗೆ ತೋರಿಸಿದೆ. ನಿನ್ನನ್ನು ಪೇಪರ್ ರೀಲಿನ ಮೇಲೆ ಕೂರಿಸಿ ಆಡಿಸಿದ ಮನುಷ್ಯ, ಸುಮ್ಮನಿರುತ್ತಾರೆಯೇ? "ನಮ್ಮ ಹುಡುಗಿ ಬರ್ದಿದ್ದಾ? ತಾ ಇಲ್ಲಿ, ಕಟಿಂಗಿನಲ್ಲಿ ಉಳಿದ ಪೇಪರ್ ಇದೆ, ನಲವತ್ತು ಪ್ರತಿ ಹೊಡ್ದೇಬಿಡೋಣ" ಎಂದರು. ಅವರು ಮುದ್ರಿಸಿದರು, ನಾನು ಮಡಿಸಿ ಹೊಲಿದೆ. ನೀಲಿ ರಟ್ಟು, ದುಂಡು ಅಕ್ಷರದಲ್ಲಿ ನಿನ್ನ ಹೆಸರು.

ಎದುರುಮನೆಯವರಿಗೆ, ದರ್ಜಿಗೆ, ನಿನಗೆ ಅಕ್ಷರ ಕಲಿಸಿದ ಟೀಚರಿಗೆ, ಎಲ್ಲರಿಗೂ ಕೊಟ್ಟೆ. ಒಂದನ್ನು ಲೈಬ್ರರಿಗೂ ಕೊಟ್ಟೆ. ಲೈಬ್ರರಿಯಾಕೆ ಮುದ್ರೆ ಒತ್ತಿ, ನಂಬರ್ ಹಾಕಿ ಕಪಾಟಿನಲ್ಲಿಟ್ಟಳು. ಆವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೋದ ತಿಂಗಳು ನೀನು ಬಂದು ಆ ನೀಲಿ ಪುಸ್ತಕ ನೋಡಿದಾಗ ನಿನ್ನ ಮುಖ ಬಿಳಿಚಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಲ್ಲೇ ಕೂತು ಸ್ಪರ್ಧೆಯವರಿಗೆ ಬರೆಯತೊಡಗಿದೆಯಲ್ಲ. "ಅಯ್ಯೋ, ಯಾರಿಗೆ ಗೊತ್ತಾಗುತ್ತೆ? ಸುಮ್ನಿರೇ" ಎಂದು ನಾನು ಬೇಡಿಕೊಂಡೆ. "ನಂಗೆ ಗೊತ್ತಲ್ಲಮ್ಮ" ಎಂದಷ್ಟೇ ನೀನು ಹೇಳಿದ್ದು. ಅವರ ಉತ್ತರ ಎರಡೇ ಸಾಲು: ಲೈಬ್ರರಿಯಲ್ಲಿ ಇಟ್ಟದ್ದು ಪ್ರಕಟವಾದಂತೆಯೇ, ಕ್ಷಮಿಸಿ, ಮುಂದಿನ ವರ್ಷ ಪ್ರಯತ್ನಿಸಿ. ಮುಂದಿನ ವರ್ಷ ನಿನಗೆ ಇಪ್ಪತ್ತಾರು! ಅದನ್ನೂ ನೋಡದೆ ಬರೆದ ಆ ಮಹಾನುಭಾವರಿಗೆ ಏನೆನ್ನಲಿ?

ನಾನು ಕೈಕಟ್ಟಿ ಕೂರಲಿಲ್ಲ ಮಗಳೇ. ಪುಸ್ತಕ ವಾಪಸ್ ಕೊಡು ಎಂದು ಲೈಬ್ರರಿಯಾಕೆಯ ಹತ್ತಿರ ಹೋದೆ. "ನಂಬರ್ ಬಿದ್ದ ಮೇಲೆ ಕೊಡೋಕೆ ಬರಲ್ಲ ಅಕ್ಕ. ಅದೂ ಅಲ್ದೆ ಯಾರೋ ಓದೋಕೆ ತಗೊಂಡು ಹೋಗಿದ್ದಾರೆ" ಎಂದಳು. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆ. ಆವತ್ತು ಮೆಟ್ಟಿಲ ಮೇಲೆ ಕೂತು ನನ್ನ ಹಣೆ ನಾನೇ ಚಚ್ಚಿಕೊಂಡೆ. ಆಮೇಲೆ ಮೆಷಿನ್ ಮಾವನಿಂದ ಸ್ಪರ್ಧೆಯವರಿಗೆ ಒಂದು ಮೇಲ್ ಹಾಕಿಸಿದೆ: ತಪ್ಪು ತಾಯಿಯದು, ಮಗಳದಲ್ಲ, ಬೇಕಾದರೆ ನನ್ನನ್ನು ಕೇಳಿ. ಮರುನಿಮಿಷವೇ ಉತ್ತರ ಬಂತು. ಮಾವ ಕನ್ನಡಕ ಸರಿಮಾಡಿಕೊಂಡು ಓದಿದರು: "ನಿಮ್ಮ ಪತ್ರ ತಲುಪಿದೆ. ಇದಕ್ಕೆ ಉತ್ತರಿಸಬೇಡಿ." ಥೂ! ಗೋಡೆಗೆ ಹೇಳಿಕೊಂಡಿದ್ದರೂ ಇಷ್ಟೇ ಆಗುತ್ತಿತ್ತು.

ನನಗೆ ಈಗ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯುತ್ತಿಲ್ಲ. ಅವರ ಮೇಲೋ, ನನ್ನ ಈ ಹಾಳು ಕೈಯ ಮೇಲೋ, ಬಾಯಿಗೆ ಬೀಗ ಹಾಕಿಕೊಂಡ ನಿನ್ನ ಮೇಲೋ. ಬೈಯಬೇಕೆಂದರೆ ಬೈದುಬಿಡು, ಬೈಸಿಕೊಳ್ಳುತ್ತೇನೆ. ಈ ಮೌನ ಮಾತ್ರ ನನ್ನಿಂದ ಆಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಬರೆಯುವುದನ್ನು ಬಿಡಬೇಡ. ನಿನ್ನ ಕೈಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ಇಂತಿ,
ನಿನ್ನ ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಬೈಂಡಿಂಗಿನವರು ಪುಟದ ನಂಬರ್ ನೋಡುತ್ತಾರೆ, ಓದುವುದಿಲ್ಲ. ಆದರೆ ಹೊಲಿಯುವಾಗ ನಡುಹಾಳೆ ತೆರೆಯಲೇಬೇಕು, ಸೂಜಿ ಅಲ್ಲಿಂದಲೇ ಹೋಗಬೇಕು. ನಿನ್ನ ಕಥೆಯ ನಡುಹಾಳೆಯಲ್ಲಿ ಶಾಲೆಯ ಗೇಟಿದೆ. ಉಗುರಿಗೆ ಅಂಟು ಮೆತ್ತಿಕೊಂಡ ಒಬ್ಬ ಹೆಂಗಸು, ಹುಡುಗಿ ಮರೆತು ಬಂದ ಊಟದ ಡಬ್ಬಿ ತಂದುಕೊಡುತ್ತಾಳೆ. ಯಾರೇ ಅದು ಎಂದು ಗೆಳತಿಯರು ಕೇಳಿದರೆ ಹುಡುಗಿ "ನಮ್ಮನೆ ಕೆಲಸದವಳು" ಎನ್ನುತ್ತಾಳೆ. ಆ ಡಬ್ಬಿ ನನಗೆ ನೆನಪಿದೆ, ಹಸಿರು ಮುಚ್ಚಳದ್ದು. ನೀನು ಹೇಳಿದ್ದು ಮಾತ್ರ ಆವತ್ತು ನನಗೆ ಕೇಳಿಸಿರಲಿಲ್ಲ. ತೊಂಬತ್ತು ದೇಶಕ್ಕೆ ಹೇಳಿದ್ದನ್ನು ನನಗೊಬ್ಬಳಿಗೆ ಹೇಳಲು ನಿನಗೆ ಬಾಯಿ ಬರಲಿಲ್ಲವಲ್ಲ ಮಗಳೇ. ನಲವತ್ತು ಸಲ ಆ ಪುಟ ತೆರೆದೆ, ನಲವತ್ತು ಸಲ ಹೊಲಿದೆ. ಹಂಚುವಾಗ ಒಬ್ಬೊಬ್ಬರಿಗೂ "ಇದು ಬರ್ದಿದ್ದು ನನ್ನ ಮಗಳು" ಎಂದು ಹೇಳಿಯೇ ಕೊಟ್ಟೆ.