ಕಾಲುಭಾಗ ಸೂರ್ಯ

ಭಾನುವಾರ, ಮಧ್ಯಾಹ್ನ

ಗುಡ್ಡ ಹತ್ತಿ ಕುಳಿತ ಮೇಷ್ಟ್ರಿಗೆ, ಕೆಳಗಿನ ಮನೆಯವಳ ನಮಸ್ಕಾರ.

ಹೇಗಿದ್ದೀರಿ ಎಂದು ಕೇಳುವುದಿಲ್ಲ. ನಿಮ್ಮ ಹೊಸ ಶಿಷ್ಯರು ನಿಮ್ಮನ್ನು ವಿಡಿಯೋ ಹಿಡಿದು ಲೋಕಕ್ಕೆಲ್ಲ ತೋರಿಸುತ್ತಿದ್ದಾರಲ್ಲ, ನಿಮ್ಮ ಕ್ಷೇಮಸಮಾಚಾರ ನಾನು ನಡೆಸುವ ಲಿಫ್ಟಿನಲ್ಲೇ ನನಗೆ ಸಿಗುತ್ತದೆ. ಮೊನ್ನೆ ಹತ್ತನೇ ಮಹಡಿಯ ಗುಮಾಸ್ತೆ ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದು, "ಇವ್ರು ನಿಮ್ಮನೆಯವ್ರು ತಾನೆ?" ಎಂದಳು. ಹಲಗೆಯ ಮೇಲೆ ಎರಡು ಗೆರೆ ಎಳೆದು, ಅವು ದೂರದಲ್ಲಿ ಕೂಡುವುದನ್ನು ತೋರಿಸಿ, ಸೂರ್ಯ ಮುಳುಗುವುದೇ ಇಲ್ಲ, ಕಣ್ಣಿಗೆ ಎಟುಕದಷ್ಟು ದೂರ ಹೋಗುತ್ತಾನೆ ಅಷ್ಟೆ ಎನ್ನುತ್ತಿದ್ದಿರಿ. ನಾನು ಗೆರೆಗಳನ್ನು ನೋಡಲಿಲ್ಲ, ನಿಮ್ಮ ಅಂಗಿಯನ್ನು ನೋಡಿದೆ. ಎರಡನೇ ಗುಂಡಿ ಇಲ್ಲ. ಭೂಮಿಯ ಆಕಾರ ತಿದ್ದಲು ಹೊರಟವರಿಗೆ ಒಂದು ಗುಂಡಿ ಹೊಲಿದುಕೊಳ್ಳಲು ಪುರುಸೊತ್ತಿಲ್ಲವೆ? ಶಿಷ್ಯರಲ್ಲಿ ಒಬ್ಬರಿಗಾದರೂ ಸೂಜಿ ಹಿಡಿಯಲು ಬರುವುದಿಲ್ಲವೆ?

ವಿಷಯಕ್ಕೆ ಬರುತ್ತೇನೆ. ಬಂದರಿನಲ್ಲಿ ಕಲ್ಲು ನಿಲ್ಲಿಸುತ್ತಿದ್ದಾರೆ. ಸರಕಿನ ಹಡಗು ಮುಳುಗಿ ಎರಡು ವರ್ಷವಾಗುತ್ತ ಬಂತು, ಅದರಲ್ಲಿ ಹೋಗಿ ಮರಳದವರ ಹೆಸರನ್ನೆಲ್ಲ ಕೆತ್ತುತ್ತಾರಂತೆ. ಮನೆಯವರು ಒಪ್ಪಿದರೆ ಮಾತ್ರ. ಉಳಿದ ಮನೆಗಳವರೆಲ್ಲ ಒಪ್ಪಿಯಾಗಿದೆ. ಬಾಕಿ ಇರುವುದು ನಮ್ಮ ಮಗನ, ನಮ್ಮ ಕಡ್ಡಿಯ ಹೆಸರೊಂದೇ. ಬರುವ ವಾರ ಕಲ್ಲನ್ನು ಕಟ್ಟೆಯ ಮೇಲೆ ಕೂರಿಸಿ ಸಿಮೆಂಟು ಹಾಕಿಬಿಡುತ್ತಾರೆ, ಆಮೇಲೆ ಸೇರಿಸಲು ಬರುವುದಿಲ್ಲ. ನೀವು ಒಂದು ಮಾತು ಹೇಳಬೇಕು. ಇದನ್ನು ಕೇಳುವುದಕ್ಕೇ ಈ ಕಾಗದ.

ಫೋನಿನಲ್ಲಿ ಕೇಳಿದಾಗ ನೀವು ಏನಂದಿರಿ ಎನ್ನುವುದು ನೆನಪಿದೆ. "ಬದುಕಿರೋನ ಹೆಸ್ರು ಕಲ್ಲಿಗ್ಯಾಕೆ?" ಎಂದಿರಿ.

ನಿಮ್ಮ ತಲೆ ಕೆಟ್ಟಿದೆ ಎಂದು ನಿಮ್ಮ ಶಾಲೆಯವರು ಹೇಳಿದರು, ನಿಮ್ಮ ತಮ್ಮ ಹೇಳಿದ, ಎದುರು ಮನೆಯ ದರ್ಜಿ ಹೇಳಿದ. ನಾನು ಹೇಳಿಲ್ಲ. ಇದು ಎಲ್ಲಿ ಶುರುವಾಯಿತೆಂದು ನನಗೆ ಗೊತ್ತಲ್ಲ. ಹಡಗಿನ ಸುದ್ದಿ ಬಂದ ಮೇಲೆ ಅಲೆತಡೆಯ ಕಲ್ಲುಗಳ ಮೇಲೆ ದಿನಾ ಸಂಜೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದೆವು. ಒಂದು ದಿನ ದೂರ ಹೋಗುತ್ತಿದ್ದ ಮೀನಿನ ದೋಣಿಯೊಂದು ಸಣ್ಣಗಾಗಿ, ಚುಕ್ಕೆಯಾಗಿ, ಇಲ್ಲವಾಯಿತು. ನೀವು ಆಗತಾನೆ ಕೊಂಡಿದ್ದ ದೂರದರ್ಶಕವನ್ನು ಕಣ್ಣಿಗಿಟ್ಟಿರಿ. ದೋಣಿ ಇತ್ತು! ಹಗ್ಗ, ಬಲೆ, ನೀರಿಗಂಟಿದ ಅದರ ತಳದ ಪಟ್ಟಿ, ಎಲ್ಲ ಇತ್ತು. ಇಲ್ಲವಾಗಿದ್ದು ಬಂತು ಎಂದು ನೀವು ಮಗುವಿನ ಹಾಗೆ ಅತ್ತುಬಿಟ್ಟಿರಿ. ಅತ್ತವರ ಕೈಯಿಂದ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಆದರೆ ಆ ದೋಣಿ ಕಡಲಿನ ಅಂಚಿನಿಂದ ಆಚೆ ಹೋಗಿರಲೇ ಇಲ್ಲ ರೀ. ಈಚೆಗೇ ಇತ್ತು, ನಮ್ಮ ಕಣ್ಣಿಗೆ ಸಣ್ಣದಾಗಿತ್ತು. ಅಂಚು ದಾಟಿದ ಹಡಗನ್ನೂ ಅದೇ ಕೊಳವೆಯಲ್ಲಿ ನೋಡಿದೆವಲ್ಲ, ಮೊದಲು ಹೊಟ್ಟೆ ಹೋಯಿತು, ಆಮೇಲೆ ಕೋಣೆಗಳು ಹೋದವು, ಕೊನೆಗೆ ಕಂಬ ಮಾತ್ರ ನಿಂತಿತ್ತು. ಎಷ್ಟು ತಿರುಗಿಸಿದರೂ ಹೊಟ್ಟೆ ಬರಲಿಲ್ಲ. ಆಗ ನೀವು ಕೊಟ್ಟ ಕಾರಣ, ಗಾಜು ಸಾಲದು. ಇನ್ನೊಂದು ಕೊಂಡಿರಿ. ಅದೂ ಸಾಲಲಿಲ್ಲ.

ನನಗೆ ದೃಷ್ಟಿಯ ಲೆಕ್ಕ ಕಲಿಸಿದವರೇ ನೀವು, ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಮದುವೆಯ ಹೊಸತರಲ್ಲಿ ನಮ್ಮ ಬೀದಿಯನ್ನು ಬರೆದು ತೋರಿಸಿದ್ದಿರಿ: ಹತ್ತಿರದ ದೀಪದ ಕಂಬ ಆಳೆತ್ತರ, ಅದರಾಚೆಯದು ಮೊಳದಷ್ಟು, ಕೊನೆಯದು ಕಡಲೆಕಾಳಿನಷ್ಟು. ದೂರವಾದದ್ದು ಚಿಕ್ಕದಾಗಲೇಬೇಕು ಎಂದಿರಿ. ಹಾಗಿದ್ದರೆ ಸಂಜೆ ದೂರ ಹೋಗುವ ಸೂರ್ಯ ಯಾಕೆ ಕಡಲೆಕಾಳಾಗುವುದಿಲ್ಲ? ನಡುಹಗಲಲ್ಲಿ ಎಷ್ಟಿದ್ದನೋ ಅಷ್ಟೇ ಇದ್ದು, ಕೆಳಗಿನಿಂದ ಕತ್ತರಿಸಿದ ಹಾಗೆ ಹೋಗುತ್ತಾನಲ್ಲ? ಕೇಳಿದ್ದಕ್ಕೆ, ತೇವದ ಗಾಳಿ ಅವನನ್ನು ದೊಡ್ಡದು ಮಾಡಿ ತೋರಿಸುತ್ತದೆ ಎಂದಿರಿ. ದಿನಾ, ಎಲ್ಲ ಊರುಗಳಲ್ಲೂ, ಸರಿಯಾಗಿ ಎಷ್ಟು ಬೇಕೋ ಅಷ್ಟೇ ದೊಡ್ಡದು ಮಾಡುವ ಗಾಳಿ! ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ನಾನು ನಮ್ಮ ಕಟ್ಟಡದಲ್ಲಿ ಒಬ್ಬರನ್ನೂ ಕಂಡಿಲ್ಲ.

ಮಾತಿನಿಂದ ಆಗುವುದಿಲ್ಲವೆಂದು ನಿಮ್ಮನ್ನು ಲಿಫ್ಟಿಗೆ ಕರೆದುಕೊಂಡು ಹೋದೆ. ಅದೇ ನಾನು ಮಾಡಿದ ಎಡವಟ್ಟು. ಕೆಳಗಿನ ಗಾಜಿನ ಬಾಗಿಲಲ್ಲಿ ನಿಂತು ಸೂರ್ಯನ ಕೊನೆಯ ಚೂರು ನೀರಿಗೆ ಇಳಿಯುವುದನ್ನು ಇಬ್ಬರೂ ನೋಡಿದೆವು. ಇಳಿಯಿತೋ ಇಲ್ಲವೋ, ಬಾಗಿಲು ಎಳೆದು, ನಡುವೆ ಯಾರಿಗೂ ನಿಲ್ಲಿಸದೆ, ನೇರ ತುದಿಯ ಮಹಡಿಗೆ ಒಯ್ದೆ. ಅಲ್ಲಿಯ ಕಿಟಕಿಯಲ್ಲಿ ಸೂರ್ಯ ಮತ್ತೆ ಇದ್ದ. ಕಾಲುಭಾಗ. ನಮ್ಮ ಕಣ್ಣೆದುರೇ ಎರಡನೇ ಸಲ ಮುಳುಗಿದ. ಇದನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ನೋಡಿದ್ದೇನೆ. ದೂರ ಹೋಗಿದ್ದರಿಂದಲೇ ಕಾಣಲಿಲ್ಲ ಎನ್ನುವುದಾದರೆ, ನಾವು ಅವನ ಹತ್ತಿರಕ್ಕೇನೂ ಹೋಗಲಿಲ್ಲ, ಮೇಲಕ್ಕೆ ಹೋದೆವು ಅಷ್ಟೆ. ನೀರಿನ ಬಾಗಿದ ಬೆನ್ನು ಅಡ್ಡವಿತ್ತು, ಹತ್ತಿದ್ದರಿಂದ ಅದರ ಮೇಲಿಂದ ಇಣುಕಿದೆವು. ಇದಕ್ಕಿಂತ ಬಿಡಿಸಿ ಹೇಳುವುದು ನನಗೆ ಬರುವುದಿಲ್ಲ. ಈಗ ಒಪ್ಪುತ್ತೀರಿ, ಒಪ್ಪಿದ ಮೇಲೆ ಮನೆಗೆ ಹೋಗಿ ಇಬ್ಬರೂ ಒಟ್ಟಿಗೆ ಅಳಬಹುದು ಎಂದುಕೊಂಡಿದ್ದೆ. ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. ನಿಮ್ಮ ಮುಖ ಅರಳಿತ್ತು. "ನೋಡಿದ್ಯಾ, ಹೋದೋನು ಬಂದ. ನಮ್ಗೆ ಎತ್ತರ ಸಾಲ್ತಿರ್ಲಿಲ್ಲ" ಎಂದಿರಿ.

ವಾರ ಕಳೆಯುವುದರೊಳಗೆ ಗುಡ್ಡದ ಮೇಲೆ ಕೋಣೆ ಹಿಡಿದಿರಿ. ನಿಮ್ಮನ್ನು ಕಳಿಸಿದವಳು ನಾನೇ ಎಂದಾಯಿತು.

ಆ ಶಿಷ್ಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಬೇಕಾಗಿರುವುದು ಚಪ್ಪಟೆ ಭೂಮಿ, ಗಡ್ಡ ಬಿಟ್ಟ ಒಬ್ಬ ಮೇಷ್ಟ್ರು. ನಿಮಗೆ ಬೇಕಾಗಿರುವುದು ನಿಮ್ಮ ಮಗ. ಇದನ್ನು ಅವರಿಗೆ ಹೇಳಿದ್ದೀರಾ? ಹೇಳಿರುವುದಿಲ್ಲ. ನೀವು ಮಾತು ನಿಲ್ಲಿಸಿ ಕೊಳವೆಗೆ ಕಣ್ಣಿಟ್ಟಾಗ ಅವರು ಕಾಯುತ್ತ ನಿಲ್ಲುತ್ತಾರೆ, ವಿಜ್ಞಾನ ನಡೆಯುತ್ತಿದೆ ಎಂದುಕೊಂಡು.

ಆ ಹಡಗಿನಿಂದ ಬದುಕಿ ಬಂದ ಇಂಜಿನ್ ಮೇಸ್ತ್ರಿ ಹೇಳಿದ್ದನ್ನು ಇನ್ನೊಂದು ಸಲ ಬರೆಯುತ್ತೇನೆ, ಅವನು ಮನೆಗೆ ಬಂದಾಗ ನೀವು ಎದ್ದು ಹೋಗಿದ್ದಿರಿ. ಹಡಗು ವಾಲಿದಾಗ ಕಡ್ಡಿ ಅವನ ಪಕ್ಕದಲ್ಲೇ ಇದ್ದನಂತೆ. ನೀರಿನಲ್ಲಿ ಇಬ್ಬರೂ ಒಂದೇ ಹಲಗೆ ಹಿಡಿದಿದ್ದರಂತೆ. ಚಳಿಗೆ ಬೆರಳು ಮರಗಟ್ಟುತ್ತಿವೆ ಎಂದು ಕಡ್ಡಿ ಅಂದನಂತೆ. ಆಮೇಲೆ ಅವನ ಕೈ ಜಾರಿತಂತೆ, ಮೇಸ್ತ್ರಿ ತೋಳು ಹಿಡಿದನಂತೆ, ತೋಳಿನ ಬಟ್ಟೆ ಮಾತ್ರ ಕೈಯಲ್ಲಿ ಉಳಿಯಿತಂತೆ. ಮೇಸ್ತ್ರಿ ನನ್ನ ಎದುರು ಕೂತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ನಮ್ಮ ಮಗ ದೂರ ಹೋಗಲಿಲ್ಲ. ಕೆಳಗೆ ಹೋದ.

ಇಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತದೆ, ಕೆಳಗೆ ಬಕೆಟ್ ಇಟ್ಟಿದ್ದೇನೆ. ನಿಮ್ಮ ಬಣ್ಣದ ಟ್ಯೂಬುಗಳು ಗಟ್ಟಿಯಾಗಿವೆ. ಸಂಜೆಯಾದರೆ ಕಚೇರಿಗಳವರೆಲ್ಲ ತುದಿಗೆ ಕರೆದುಕೊಂಡು ಹೋಗು, ಸೂರ್ಯಾಸ್ತ ನೋಡಬೇಕು ಎಂದು ಲಿಫ್ಟಿನಲ್ಲಿ ತುಂಬಿಕೊಳ್ಳುತ್ತಾರೆ. ನಗುತ್ತ ಹೋಗುತ್ತಾರೆ, ನಗುತ್ತ ಇಳಿಯುತ್ತಾರೆ. ನಾನು ಗೋಡೆಗೆ ಮುಖ ಮಾಡಿ ಗುಂಡಿ ಒತ್ತುತ್ತೇನೆ. ನನಗೆ ಸಾಕಾಗಿದೆ. ನಿಮ್ಮ ಮೇಲಿನ ಸಿಟ್ಟು ಕೂಡ ಸಾಕಾಗಿದೆ.

ಆದ್ದರಿಂದ ಇನ್ನು ವಾದ ಬೇಡ. ನೀವೇ ಗೆದ್ದಿರಿ. ಭೂಮಿ ಚಪ್ಪಟೆ ಎಂದೇ ಇಟ್ಟುಕೊಳ್ಳಿ, ಹಲಗೆಯಷ್ಟು ಚಪ್ಪಟೆ, ನಾನು ಎಲ್ಲರೆದುರು ಹೂಂ ಅನ್ನುತ್ತೇನೆ. ಚಪ್ಪಟೆ ಭೂಮಿಯ ಮೇಲೂ ನೀರು ಆಳವಾಗಿಯೇ ಇರುತ್ತದೆ, ಹುಡುಗರು ಮುಳುಗುತ್ತಾರೆ. ಅಷ್ಟನ್ನು ಮಾತ್ರ ನೀವು ಒಪ್ಪಿಕೊಳ್ಳಿ. ಬಂದರಿನ ಕಚೇರಿಗೆ ಫೋನು ಮಾಡಿ, ಅವನ ಹೆಸರು ಹೇಳಿ, ಕೆತ್ತಿ ಎನ್ನಿ. ಮನೆಗೆ ಬರುವುದು ಬಿಡುವುದು ಆಮೇಲಿನ ಮಾತು. ಬಂದರೆ ಬಾಗಿಲು ತೆಗೆಯುತ್ತೇನೆ. ಬರುತ್ತೀರೆಂದು ನನಗೇನೂ ಅನ್ನಿಸುವುದಿಲ್ಲ.

ಅಂಗಿಯನ್ನು ಯಾರ ಕೈಯಲ್ಲಾದರೂ ಕಳಿಸಿ, ಗುಂಡಿ ಹಾಕಿ ಕೊಡುತ್ತೇನೆ.

ಇಂತಿ,
ಇನ್ನೂ ನಿಮ್ಮವಳೇ ಆದ
ಕಡ್ಡಿಯ ಅಮ್ಮ

ಮರೆತ ವಿಷಯ: ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ, ಆದರೆ ಮರೆತಿರಲಿಲ್ಲ. ತಂದೆ ತಾಯಿ ಇಬ್ಬರೂ ಒಪ್ಪಬೇಕೆಂದೇನಿಲ್ಲವಂತೆ, ಒಬ್ಬರು ಹೇಳಿದರೂ ಸಾಕಂತೆ. ಕಲ್ಲು ಕೆತ್ತುವವನು ಶುಕ್ರವಾರ ಮನೆಗೇ ಬಂದಿದ್ದ. ವಯಸ್ಸಾದವನು, ಮಾತು ಮೆತ್ತಗೆ. ಕೂರಿಸಿ ನೀರು ಕೊಟ್ಟೆ. "ಅಮ್ಮಾ, ಅವ್ರನ್ನ ಯಾಕೆ ಕಾಯ್ತೀರಾ, ನೀವು ಹೂಂ ಅನ್ನಿ, ಇವತ್ತೇ ಕೆತ್ತಿಬಿಡ್ತೀನಿ" ಎಂದ. ಬಾಯಿ ತೆರೆದೆ. ಲೋಟ ಖಾಲಿಯಾಗುವವರೆಗೂ ಕಾದ. ಕೊನೆಗೆ ನನ್ನ ಬಾಯಿಂದ ಬಂದದ್ದು, "ಇಲ್ಲ, ಅದನ್ನ ಅವನ ಅಪ್ಪನೇ ಹೇಳ್ಬೇಕು." ಅವನು ಎದ್ದು ಹೋದ. ನನ್ನಿಂದ ಆಗುವುದಿಲ್ಲ ರೀ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.