‘ತಡಮಾಡದೆ’ ಎಂದರೆ ಯಾವಾಗ

ಮಾರ್ಚ್ ೧೧, ಮಂಗಳವಾರ

ಆ ಒಂದು ಪದ ಇನ್ನೂ ಬೆರಳ ತುದಿಗೆ ಅಂಟಿಕೊಂಡಿದೆ. ಬಂಧಿಸಿದವರನ್ನು ‘ತಡಮಾಡದೆ’ ನ್ಯಾಯಾಧೀಶರ ಮುಂದೆ ತರಬೇಕು ಎನ್ನುತ್ತದೆ ಸಂವಿಧಾನ. ಎಷ್ಟು ದಿನ ಬೇಕಾದರೂ ಒಳಗಿಡಬಹುದು ಎನ್ನುತ್ತದೆ ಹೊಸ ಭದ್ರತಾ ಕಾನೂನು. ಎರಡೂ ಹೊಂದುತ್ತವೆಯೇ ಎಂದು ನಮ್ಮ ಕೋರ್ಟಿನ ಮೂವರು ಮಹಾನುಭಾವ ನ್ಯಾಯಾಧೀಶರು ಹನ್ನೊಂದು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ. ಇಂದು ನಿಘಂಟು ತರಿಸಿದರು. ಒಬ್ಬರು ತೂಕಡಿಸಿದರು, ನನ್ನ ಸ್ಟೆನೋ ಕುರ್ಚಿಯಿಂದ ಎಲ್ಲವೂ ಕಾಣುತ್ತದೆ. ಕೊನೆಗೆ ಹಿರಿಯರು ಗಂಟಲು ಸರಿಮಾಡಿಕೊಂಡು ಬರೆಸಿದರು: “‘ತಡ’ ಎಂಬುದು ಸಾಪೇಕ್ಷ ಪದ. ಮುಂದಿನ ವಿಚಾರಣೆ ಜೂನ್ ತಿಂಗಳಿಗೆ.”

ಹೊರಗೆ ಬೆಂಚಿನ ಮೇಲೆ ಟೈಲರನ ಹೆಂಡತಿ ಕೂತಿದ್ದಳು. ಕರಪತ್ರ ಹಂಚಿ ಈ ಕಾನೂನಿನಡಿ ಜೈಲು ಸೇರಿದವನು ಅವಳ ಗಂಡನೇ.

“ಅಕ್ಕಾ, ಏನಂದ್ರು?”

“ಆ ಪದದ ಅರ್ಥ ಇನ್ನೂ ಗೊತ್ತಾಗಿಲ್ವಂತೆ.”

ಅವಳು ನಗಲಿಲ್ಲ. “ಓದಿದೋರಲ್ವಾ ಅವ್ರು?” ಎಂದಳು.

ಅಷ್ಟರಲ್ಲಿ ಹಿರಿಯರು ತಮ್ಮ ಕೋಣೆಗೆ ಕರೆದರು. “ಇವತ್ತಿನ ಆದೇಶ ಟೈಪ್ ಮಾಡಿ ತಡಮಾಡದೆ ತಂದುಕೊಡಮ್ಮ.”

“ತಡಮಾಡದೆ ಅಂದ್ರೆ ಯಾವಾಗ ಸಾರ್?”

ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು, ಪೆದ್ದಿಯನ್ನು ನೋಡುವ ಹಾಗೆ.

“ಇದೇನಮ್ಮ ಹೀಗೆ ಕೇಳ್ತೀಯ? ಈಗಲೇ.”

ಈ ಒಂದು ಸಾಲನ್ನು ಮಾತ್ರ ಯಾರೂ ನನ್ನ ಕೈಲಿ ಬರೆಸಲಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ, ಜೂನ್‌ನಲ್ಲಿ ಅವರಿಗೆ ಆ ಪದದ ಅರ್ಥ ಬೇಕಾದರೆ ಇರಲಿ ಎಂದು.